ಓದುಗರ ಪ್ರಶ್ನೆ: ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಸಾಕೇ?

ಪ್ರಶ್ನೆ: ಮೊದಲ ಸಲ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ರೈಜೆನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, ಒಂದು ಎಸ್‌ಎಸ್‌ಡಿ. ಕ್ಯಾಬಿನೆಟ್ ಜೊತೆಗೇ 500 ವ್ಯಾಟ್ ಎಸ್‌ಎಂಪಿಎಸ್ ಬರುತ್ತದಂತೆ. ಬೇರೆ ಕೊಳ್ಳಬೇಕೇ?
— ಓದುಗರು, ಹಾಸನ

ಉತ್ತರ: ಬೇರೆ ಕೊಳ್ಳಿ. ಎಸ್‌ಎಂಪಿಎಸ್ ಎಂದರೆ ಮನೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಬದಲಿಸಿ ಕೊಡುವ ಡಬ್ಬಿ. ಮೊದಲು ಅದರ ಪಕ್ಕದ ಚೀಟಿ ಓದಿ. ದೊಡ್ಡಕ್ಷರದ 500 ಬಿಟ್ಟು, 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು ಈ 12 ವೋಲ್ಟ್ ಮೇಲೆಯೇ. ಅಗ್ಗದ ಡಬ್ಬಿಗಳಲ್ಲಿ ಅಲ್ಲಿ 16 ಆಂಪಿಯರ್ ಇದ್ದರೆ ಹೆಚ್ಚು. 12ರಿಂದ ಗುಣಿಸಿದರೆ ಸಿಗುವುದು 192 ವ್ಯಾಟ್. 12ವಿ1, 12ವಿ2 ಎಂದು ಎರಡು ಸಾಲು ಇದ್ದರೆ ಎರಡನ್ನೂ ಕೂಡಿಸಬೇಡಿ. ಅವೆರಡಕ್ಕೂ ಸೇರಿದ ಮಿತಿ ಕೆಳಗೆ ಬೇರೆಯಾಗಿ ಇರುತ್ತದೆ.

ನಿಮ್ಮ ಲೆಕ್ಕ ಹೀಗೆ: 7600ರ ಮೇಲೆ 65 ವ್ಯಾಟ್ ಎಂದಿದ್ದರೂ ದುಡಿಯುವಾಗ ಅದು 88 ವ್ಯಾಟ್‌ವರೆಗೆ ಎಳೆಯುತ್ತದೆ. ಕಾರ್ಡಿಗೆ 115. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 60 ಹಿಡಿಯೋಣ. ಒಟ್ಟು 263. ಗ್ರಾಫಿಕ್ಸ್ ಕಾರ್ಡ್ ಕೆಲವೇ ಮಿಲಿಸೆಕೆಂಡು ಇದಕ್ಕಿಂತ ಬಹಳ ಹೆಚ್ಚು ಎಳೆಯುವುದುಂಟು; ಆಗ ಬಡಕಲು ಎಸ್‌ಎಂಪಿಎಸ್ ಸೋತು, ಆಟದ ನಡುವೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಹಾಗಾಗಿ ಒಳ್ಳೆಯ 550 ವ್ಯಾಟ್ ಘಟಕ ಬೇಕು, 12 ವೋಲ್ಟ್‌ನಲ್ಲಿ 43–45 ಆಂಪಿಯರ್ ಕೊಡುವಂಥದ್ದು. 750 ವ್ಯಾಟ್ ತಗೊಂಡರೂ ಕರೆಂಟ್ ಬಿಲ್ ಏರುವುದಿಲ್ಲ, ಕಂಪ್ಯೂಟರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಆದರೆ ಆ ಹಣ ನಿಮ್ಮ ಜೋಡಣೆಗೆ ವ್ಯರ್ಥ.

80 ಪ್ಲಸ್ ಬ್ರಾಂಜ್ ಸಾಕು. ಆ ಮುದ್ರೆ ಹೇಳುವುದು ಎಷ್ಟು ವಿದ್ಯುತ್ ಶಾಖವಾಗಿ ಪೋಲಾಗುತ್ತದೆ ಎಂಬುದನ್ನು ಮಾತ್ರ. ಶಾರ್ಟ್ ಸರ್ಕ್ಯೂಟ್, ಅತಿ ವೋಲ್ಟೇಜ್‌ಗಳಿಂದ ರಕ್ಷಣೆ ಇದೆಯೇ ಎಂದು ಅದು ಹೇಳುವುದಿಲ್ಲ. ಅದಕ್ಕೆ ಪೆಟ್ಟಿಗೆಯ ಮೇಲೆ ಒವಿಪಿ (ಅತಿ ವೋಲ್ಟೇಜ್), ಒಪಿಪಿ (ಅತಿ ಹೊರೆ), ಎಸ್‌ಸಿಪಿ (ಶಾರ್ಟ್ ಸರ್ಕ್ಯೂಟ್), ಒಟಿಪಿ (ಅತಿ ಶಾಖ) ಎಂಬ ರಕ್ಷಣೆಗಳನ್ನೂ 5 ವರ್ಷದ ವಾರಂಟಿಯನ್ನೂ ಹುಡುಕಿ. ಇನ್‌ಪುಟ್ 100–240 ವೋಲ್ಟ್ ಇರಲಿ. ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ 180ಕ್ಕೆ ಇಳಿಯುವ ಊರುಗಳಲ್ಲಿ 200–240 ಎಂದಷ್ಟೇ ಬರೆದದ್ದು ಕೈಕೊಡುತ್ತದೆ. ಪ್ರೊಸೆಸರ್‌ಗೆ 4+4 ಪಿನ್, ಕಾರ್ಡಿಗೆ 6+2 ಪಿನ್ ಕೇಬಲ್ ಎಸ್‌ಎಂಪಿಎಸ್‌ನಿಂದಲೇ ಬಂದಿರಬೇಕು. ಡಿಸ್ಕ್, ಫ್ಯಾನ್‌ಗಳಿಗೆಂದು ಇರುವ ಸಾಟಾ ಅಥವಾ ಮೋಲೆಕ್ಸ್ ಕನೆಕ್ಟರ್‌ನಿಂದ ಕಾರ್ಡಿಗೆ ಕೊಡುವ ಅಡಾಪ್ಟರ್ ಖಂಡಿತ ಬೇಡ: ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ತಾಳುವುದು 54 ವ್ಯಾಟ್, ಕಾರ್ಡಿನ 6+2, ಅಂದರೆ 8 ಪಿನ್ ಕೇಳಬಹುದಾದದ್ದು 150. ಪ್ಲಾಸ್ಟಿಕ್ ಕರಗುವುದು ಹೀಗೆಯೇ.

ಹಣ ಸಾಲದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಆರು ತಿಂಗಳು ಮುಂದೂಡಿ. 7600ರೊಳಗೇ ಚಿತ್ರ ತೋರಿಸುವ ಭಾಗವಿದೆ, ಅಲ್ಲಿಯವರೆಗೆ ನಡೆಯುತ್ತದೆ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ.

ಪ್ರಶ್ನೆ: ಮನೆಗೆ ಇನ್ವರ್ಟರ್ ಇದೆ. ಕರೆಂಟ್ ಹೋದಾಗ ಫ್ಯಾನ್, ಲೈಟ್ ನಿಲ್ಲುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆಯೇ?
— ಓದುಗರು, ಮೂಡಿಗೆರೆ

ಉತ್ತರ: ಕೆಟ್ಟಿರಲೇಬೇಕೆಂದಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ಕೂಡ ಕರೆಂಟ್ ಕಡಿದ ಮೇಲೆ ತನ್ನ ಕೆಪಾಸಿಟರ್‌ನಲ್ಲಿರುವ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡು ಮಾತ್ರ ತಡೆದು ನಿಲ್ಲುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಆವರ್ತಕ್ಕೇ 20 ಮಿಲಿಸೆಕೆಂಡು ಬೇಕು. ಮನೆ ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಹಿಂಬದಿ ಅಥವಾ ಮುಂಬದಿಯಲ್ಲಿ 'ಯುಪಿಎಸ್' ಎಂಬ ಸ್ವಿಚ್ ಇರುತ್ತದೆ, ಅದಕ್ಕೆ ಹಾಕಿ ನೋಡಿ. ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೂ ಆಗ ಅದು ಬ್ಯಾಟರಿಗೆ ಹೋಗುತ್ತದೆ, ಹಾಗಾಗಿ ಬ್ಯಾಟರಿ ಬೇಗ ಖಾಲಿಯಾದೀತು.

ಅಷ್ಟಕ್ಕೂ ರೀಸ್ಟಾರ್ಟ್ ಆಗುವುದು ನಿಲ್ಲದಿದ್ದರೆ ಇನ್ವರ್ಟರ್ ಸ್ಕ್ವೇರ್ ವೇವ್, ಅಂದರೆ ನಯವಾದ ಅಲೆಯ ಬದಲು ಚೌಕಾಕಾರದ ಅಲೆ ಕೊಡುವಂಥದ್ದು, ಆಗಿರಬಹುದು. ಈಗಿನ ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅಲೆಯ ಆಕಾರಕ್ಕೆ ಹೊಂದಿಸಿ ಎಳೆಯುವ ವ್ಯವಸ್ಥೆ) ಎಸ್‌ಎಂಪಿಎಸ್‌ಗಳಿಗೂ ಅದಕ್ಕೂ ಹಲವು ಸಲ ಹೊಂದಿಕೆಯಾಗುವುದಿಲ್ಲ. ಶುದ್ಧ ಸೈನ್ ವೇವ್ ಇರುವುದೇ ಬೇಕು. ಪ್ರತ್ಯೇಕ ಯುಪಿಎಸ್ ಕೊಳ್ಳುವುದಾದರೆ ವಿಎ (ವೋಲ್ಟ್-ಆಂಪಿಯರ್) ನೋಡಿ ಮೋಸಹೋಗಬೇಡಿ: 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಮಾನಿಟರ್ ಸೇರಿ 340 ಎಳೆಯುವ ಕಂಪ್ಯೂಟರ್‌ಗೆ ಅದು ತೀರಾ ಅಂಚು. 1000 ವಿಎ ತನ್ನಿ.

ಇನ್ನು ನಿಮ್ಮ ಕಡೆ ಗುಡುಗು-ಸಿಡಿಲಿನ ಕಾಟ. ಸಿಡಿಲು ಬಡಿಯುವ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಲ್ಯಾನ್ ಕೇಬಲನ್ನೂ ತೆಗೆಯಿರಿ. ಎಷ್ಟೋ ಸಲ ಎಸ್‌ಎಂಪಿಎಸ್ ಉಳಿದು, ರೂಟರ್ ಕಡೆಯಿಂದ ಬಂದ ಏಟಿಗೆ ಮದರ್‌ಬೋರ್ಡ್ ಹೋಗಿರುತ್ತದೆ.

ಪ್ರಶ್ನೆ: ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಹೊಸ ಎಸ್‌ಎಂಪಿಎಸ್ ಹಾಕಿದರೂ ಹೋಗಲಿಲ್ಲ.
— ಓದುಗರು, ಬೇಲೂರು

ಉತ್ತರ: ಹೊಸದು ಹಾಕಿದರೂ ಹೋಗದಿದ್ದರೆ ಹುಡುಕಬೇಕಾದದ್ದು ಗೋಡೆಯಲ್ಲಿ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್, ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಸೇರಿರುತ್ತವೆ. ಅರ್ತಿಂಗ್ ಇದ್ದರೆ ಆ ಸಣ್ಣ ಸೋರಿಕೆ ಭೂಮಿಗೆ ಇಳಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ: ಫೇಸ್–ಅರ್ತ್ ನಡುವೆ ಫೇಸ್–ನ್ಯೂಟ್ರಲ್‌ನಷ್ಟೇ ವೋಲ್ಟೇಜ್, ನ್ಯೂಟ್ರಲ್–ಅರ್ತ್ ನಡುವೆ 3ಕ್ಕಿಂತ ಕಡಿಮೆ ಬರಬೇಕು. ಬೇಸಿಗೆಯಲ್ಲಿ ಮಾತ್ರ ಜುಮ್ ಎನ್ನುವುದಾದರೆ ಅರ್ತ್ ಗುಂಡಿ ಒಣಗಿದೆ, ನೀರು ಹಾಕಿ.

ಒಂದು ತಪ್ಪನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ: ಸಾಕೆಟ್‌ನೊಳಗೆ ನ್ಯೂಟ್ರಲ್‌ಗೂ ಅರ್ತ್‌ಗೂ ತಂತಿ ಸೇರಿಸುವುದು. ಜುಮ್ ನಿಂತುಬಿಡುತ್ತದೆ. ಆದರೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಇಡೀ ಕ್ಯಾಬಿನೆಟ್‌ಗೆ 230 ವೋಲ್ಟ್ ಬರುತ್ತದೆ, ಮುಟ್ಟಿದವರ ಜೀವಕ್ಕೇ ಅಪಾಯ.

ಪ್ರಶ್ನೆ: ಹಳೆಯ ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಎಸ್‌ಎಂಪಿಎಸ್‌ನ ಕೇಬಲ್ ಹೊಸದಕ್ಕೆ ಸರಿಯಾಗಿ ಕೂರುತ್ತದೆ. ಬಳಸಬಹುದೇ?
— ಓದುಗರು, ಅರಸೀಕೆರೆ

ಉತ್ತರ: ಬೇಡ. ಮದರ್‌ಬೋರ್ಡ್ ಕಡೆಯ ತುದಿಗೆ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಪಿನ್‌ಗಳ ಜಾಗ ಬೇರೆಯಾಗಿರಬಹುದು. 5 ವೋಲ್ಟ್ ಬರಬೇಕಾದಲ್ಲಿ 12 ಬಂದರೆ ಹಾರ್ಡ್ ಡಿಸ್ಕ್ ಆ ಕ್ಷಣವೇ ಸುಡುತ್ತದೆ, ಒಳಗಿನ ಫೋಟೊಗಳೂ ಅದರ ಜೊತೆ ಹೋಗುತ್ತವೆ. ಹಳೆಯ ಕೇಬಲ್‌ಗಳನ್ನು ಒಂದು ಚೀಲಕ್ಕೆ ಹಾಕಿ, ಯಾವ ಮಾದರಿಯವು ಎಂದು ಮೇಲೆ ಬರೆದಿಡಿ.