‘ಬರೀ ಗ್ಯಾಸ್ ಕಣೇ’ ಅನ್ನುವ ಯಜಮಾನರು

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರಕ್ಕೆ ಈ ಸಲ ಉತ್ತರಿಸುತ್ತಿದ್ದೇನೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಪತ್ರದ ಮುಖ್ಯ ಭಾಗ ಇಷ್ಟು:

‘ನಮ್ಮ ಯಜಮಾನರಿಗೆ 46 ವರ್ಷ. ಬಸ್ ಡ್ರೈವರ್. ಹದಿನೆಂಟು ವರ್ಷದಿಂದ ಜಾಸ್ತಿ ನೈಟ್ ಸರ್ವಿಸ್ಸೇ. ಮಗಳಿಗೆ ಗಂಡು ನೋಡುತ್ತಿದ್ದೇವೆ. ಮಗ ಸೆಕೆಂಡ್ ಪಿಯುಸಿ. ಮನೆ ಕಟ್ಟಿಸಿದ ಸಾಲ ಇನ್ನೂ ತೀರಿಲ್ಲ. ಆರು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ಸ್ವಲ್ಪ ಕೂತರೆ ಸರಿಹೋಗುತ್ತದೆ ಅಂತಾರೆ. ಆಸ್ಪತ್ರೆಗೆ ಹೋಗೋಣ ಅಂದರೆ ‘ಬರೀ ಗ್ಯಾಸ್ ಕಣೇ’ ಅಂತ ಸೋಡಾ ಕುಡಿದು ಡ್ಯೂಟಿಗೆ ಹೊರಡುತ್ತಾರೆ. ಇನ್ನೊಂದು ಸಲ ಹೇಳಿದರೆ ರೇಗುತ್ತಾರೆ. ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಕೇಳಿದಾಗಿನಿಂದ ನನಗೆ ರಾತ್ರಿ ನಿದ್ದೆ ಇಲ್ಲ. ಗಂಡಸರಿಗೆ ಮೈ ಮೇಲೆ ಯಾಕೆ ಇಷ್ಟು ಅಸಡ್ಡೆ? ಮೊನ್ನೆ ಊಟ ಮಾಡುತ್ತಾ, ನನಗೇನಾದರೂ ಆದರೆ ಎಲ್‌ಐಸಿ ಕಾಗದ ಬೀರುವಿನ ಮೇಲಿನ ಖಾನೆಯಲ್ಲಿದೆ ಅಂದರು.’

ಪ್ರೀತಿಯ ತಂಗಿ,

ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಮೆಟ್ಟಿಲು ಹತ್ತಿದಾಗ ಬಂದು, ಕೂತಾಗ ಹೋಗುವ ಎದೆನೋವನ್ನು ಗ್ಯಾಸ್ ಅಂತ ಬಿಡಬಾರದು. ಹೃದಯಕ್ಕೆ ರಕ್ತ ಕೊಡುವ ನಾಳ ಕಿರಿದಾಗಿದ್ದರೆ ಹೀಗೇ ಆಗುತ್ತದೆ. ಸುಮ್ಮನೆ ಕೂತಾಗ ಇರುವಷ್ಟು ರಕ್ತ ಸಾಕಾಗುತ್ತದೆ. ಹತ್ತು ಮೆಟ್ಟಿಲು ಹತ್ತಿದರೆ ಸಾಲುವುದಿಲ್ಲ, ಎದೆ ಹಿಡಿಯುತ್ತದೆ. ಈ ವಾರವೇ ತೋರಿಸಬೇಕು. ಇಸಿಜಿ ನಾರ್ಮಲ್ ಬಂತು ಅಂತ ಖುಷಿಯಾಗಿ ವಾಪಸ್ ಬರಬೇಡಿ. ಮಲಗಿಸಿ ತೆಗೆದ ಇಸಿಜಿಯಲ್ಲಿ ಇಂಥ ತೊಂದರೆ ಎಷ್ಟೋ ಸಲ ಕಾಣುವುದೇ ಇಲ್ಲ. ‘ಮೆಟ್ಟಿಲು ಹತ್ತಿದಾಗ ಬರುತ್ತೆ, ಕೂತರೆ ಹೋಗುತ್ತೆ’ ಅನ್ನುವ ಮಾತನ್ನು ಡಾಕ್ಟರ ಮುಂದೆ ಇದೇ ರೀತಿ ಹೇಳಿ. ಎಕೋ (ಹೃದಯದ ಸ್ಕ್ಯಾನ್) ಬೇಕಾ, ಟಿಎಂಟಿ (ನಡೆಸುತ್ತಾ ತೆಗೆಯುವ ಇಸಿಜಿ) ಬೇಕಾ ಅಂತ ಅವರು ನಿರ್ಧರಿಸುತ್ತಾರೆ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಕೂಡ ಅದೇ ದಿನ ನೋಡಿಸಿ.

ಕೂತಾಗಲೇ ನೋವು ಬಂದು ಹೋಗದೇ ಇದ್ದರೆ, ಬೆವರು ಕಿತ್ತುಕೊಂಡರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಡಿದರೆ, ಆಗ ಈ ವಾರ ಅಲ್ಲ, ಆ ನಿಮಿಷ. 108ಕ್ಕೆ ಫೋನ್ ಮಾಡಿ. ಅವರೇ ಬೈಕ್ ಓಡಿಸಿಕೊಂಡು ಹೋಗುವುದು ಬೇಡ. ಡ್ರೈವರ್ ಆದವರು ಇನ್ನೊಬ್ಬರ ಹಿಂದೆ ಕೂರಲು ಒಪ್ಪುವುದಿಲ್ಲ, ನನಗೆ ಗೊತ್ತು. ಆ ಹೊತ್ತಲ್ಲಿ ಅವರ ಮಾತು ಕೇಳಬೇಡಿ. ಹೃದಯದ ಕೆಳಭಾಗಕ್ಕೆ ಆಘಾತವಾದರೆ ಹೊಟ್ಟೆಯ ಮೇಲ್ಭಾಗದಲ್ಲೇ ಸಂಕಟವಾಗಬಹುದು, ವಾಕರಿಕೆ ಬರಬಹುದು. ಸೋಡಾ ಕುಡಿದರೆ ತೇಗು ಬರುತ್ತದೆ. ತೇಗು ಬಂತು ಅಂದರೆ ‘ನೋಡು, ಗ್ಯಾಸೇ’ ಅಂತ ಮಲಗುತ್ತಾರೆ. ಎಷ್ಟೋ ಮನೆಗಳಲ್ಲಿ ಬೆಲೆ ಕಟ್ಟಲಾಗದ ಆ ಒಂದೆರಡು ಗಂಟೆ ಕಳೆದುಹೋಗುವುದು ಹೀಗೆ.

ಆ ಗಂಟೆಗಳಿಗೆ ಈಗ ನಮ್ಮಲ್ಲಿ ಮೊದಲಿಗಿಂತ ಜಾಸ್ತಿ ಬೆಲೆ ಬಂದಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೂ 46 ವರ್ಷವೇ. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತ ಅಂತ ಖಾತ್ರಿಯಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದು ಸಾವಿರಾರು ರೂಪಾಯಿಯ ಔಷಧ. ಎಷ್ಟು ಬೇಗ ಕೊಟ್ಟರೆ ಹೃದಯದ ಅಷ್ಟು ಭಾಗ ಉಳಿಯುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಸಿಗುತ್ತದಾ ಅಂತ ಈಗಲೇ ಹೋಗಿ ಕೇಳಿಕೊಂಡು ಬನ್ನಿ. ರಾತ್ರಿ ಎರಡು ಗಂಟೆಗೆ ಹುಡುಕುವ ವಿಷಯವಲ್ಲ ಇದು.

ಇನ್ನು ನಿಮ್ಮ ಜಿಲ್ಲೆಯ ಸುದ್ದಿ. 2025ರ ಮೇ, ಜೂನ್‌ನಲ್ಲಿ ಹಾಸನದಲ್ಲಿ ಒಂದರ ಹಿಂದೆ ಒಂದು ಸಾವಾದಾಗ ಇಡೀ ರಾಜ್ಯವೇ ಹೆದರಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವಕ್ಕೇ ಜನ ಸಾಲು ನಿಂತರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಕೋವಿಡ್ ಲಸಿಕೆಯಿಂದ ಹೀಗಾಯಿತು ಅನ್ನಲು ಆಧಾರವಿಲ್ಲ ಅಂತ ಸಮಿತಿ ಹೇಳಿತು. ಬೊಟ್ಟು ಮಾಡಿದ್ದು ಬಿಪಿ, ಶುಗರ್, ಸಿಗರೇಟು, ಬೊಜ್ಜು, ಮನೆತನದಲ್ಲಿ ಬಂದ ಹೃದ್ರೋಗದ ಕಡೆಗೆ. ಸತ್ತವರಲ್ಲಿ ಗಾಡಿ ಓಡಿಸುವವರೂ ಇದ್ದರು ಅನ್ನುವುದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಯಾಕೆ ಅಂದರೆ ಡ್ರೈವರುಗಳ ಹೃದಯದ ಕಥೆ ಹಳೆಯದು. 1953ರಲ್ಲೇ ಲಂಡನ್ನಿನ ಜೆರ್ರಿ ಮಾರಿಸ್ ಅನ್ನುವ ವೈದ್ಯರು ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯ ಲೆಕ್ಕ ತೆಗೆದು ತೋರಿಸಿದ್ದರು. ಅದೇ ಬಸ್ಸು, ಅದೇ ರಸ್ತೆ. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗಿಂತ ಕೂತಲ್ಲೇ ಕೂತ ಡ್ರೈವರುಗಳಿಗೆ ಹೃದಯದ ಕಾಯಿಲೆ ಜಾಸ್ತಿ ಇತ್ತು. ನಮ್ಮ ಡ್ರೈವರಣ್ಣಂದಿರಿಗೆ ಕೂರುವುದೊಂದೇ ಕಷ್ಟವಲ್ಲ. ಪಕ್ಕದಲ್ಲೇ ಇಂಜಿನ್ ಕಾವು. ದಾರಿಯಲ್ಲಿ ನಿಲ್ಲಿಸುವ ಹಾಗಿಲ್ಲ ಅಂತ ನೀರು ಕುಡಿಯುವುದಿಲ್ಲ. ಕಣ್ಣು ಎಳೆಯಬಾರದು ಅಂತ ಟೀ ಮೇಲೆ ಟೀ, ಬಾಯಲ್ಲಿ ಗುಟ್ಕಾ. ಹೈವೇ ಹೋಟೆಲಿನಲ್ಲಿ ಮಧ್ಯರಾತ್ರಿ ಪರೋಟ. ಬೆಳಗ್ಗೆ ಮನೆಗೆ ಬಂದು ಮಲಗಿದರೆ ಮಿಕ್ಸಿ ಸದ್ದು, ಗ್ಯಾಸ್ ಸಿಲಿಂಡರಿನವನ ಕೂಗು, ನೆಂಟರ ಫೋನು. ಮಲಗಿದಾಗ ಇಳಿಯಬೇಕಾದ ಬಿಪಿ ಇಳಿಯುವುದೇ ಇಲ್ಲ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಗಿಂತ ಜಾಸ್ತಿ ಓಡಿಸಬಾರದು, ಐದು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಡಬಲ್ ಡ್ಯೂಟಿ ಮಾಡಿದರೆ ಸಾಲದ ಕಂತು ಹೊಂದುತ್ತದೆ ಅನ್ನುವ ಮನೆಗೆ ಆ ಸಾಲು ತಲುಪಲೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಹೀಗೆ ಸತ್ತವರು 7.45 ಲಕ್ಷ ಜನ. ಅವರಲ್ಲಿ ಶೇ. 72 ಗಂಡಸರು. ನಿಮ್ಮ ಯಜಮಾನರು ವಾರಕ್ಕೆ ಎಷ್ಟು ಗಂಟೆ ಓಡಿಸುತ್ತಾರೆ? ಒಂದು ಸಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೂಡಿಸಿ ನೋಡಿ.

ಗಂಡಸರಿಗೆ ಯಾಕೆ ಇಷ್ಟು ಅಸಡ್ಡೆ ಅಂತ ಕೇಳಿದ್ದೀರಿ. ಅದು ಅಸಡ್ಡೆ ಅಂತ ನನಗೆ ಅನಿಸುವುದಿಲ್ಲ. ನಮ್ಮ ಮನೆಯದೇ ಒಂದು ವಿಷಯ ಹೇಳುತ್ತೇನೆ.

ನಮ್ಮಪ್ಪ ದಾವಣಗೆರೆಯಲ್ಲಿ ಒಂದು ಗಿರಣಿಯ ಕೆಲಸಗಾರರು. ಮೂರು ಪಾಳಿಯಲ್ಲೂ ದುಡಿದವರು. ಅಕ್ಕನ ಮದುವೆ ಆಗಿ ಮೂರನೇ ದಿನ, ಬಾಡಿಗೆಗೆ ತಂದ ಪಾತ್ರೆ ವಾಪಸ್ ಕೊಡಲು ಶಾಮಿಯಾನ ಅಂಗಡಿಗೆ ಹೋಗಿದ್ದೆವು. ಪಟ್ಟಿ ನನ್ನ ಕೈಯಲ್ಲಿ. ಅಪ್ಪ ಎಣಿಸುತ್ತಿದ್ದರು. ಕೊಳಗ ಆಯಿತು, ತಟ್ಟೆ ಆಯಿತು, ಸೌಟಿನ ಹತ್ತಿರ ನಿಂತುಬಿಟ್ಟರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಣೆಯ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ‘ಒಂದು ಸೌಟು ಕಮ್ಮಿ ಇದೆ, ನೋಡು’ ಅಂದವರು ಮಗುಚಿಟ್ಟ ಹಂಡೆಯ ಮೇಲೆ ಕೂತರು. ಅಂಗಡಿಯವರು ಅವರ ಮುಖ ನೋಡಿ, ಪಾತ್ರೆ ತಂದ ಲಗೇಜ್ ಆಟೊದಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಪ್ಪ ಉಳಿದರು.

ವಾರದ ಮೇಲೆ ಅಮ್ಮ ಮದುವೆಯ ಲೆಕ್ಕ ನೋಡುವಾಗ, ಛತ್ರದ ರಸೀದಿಗಳ ಮಧ್ಯೆ ಒಂದು ಡಾಕ್ಟರ್ ಚೀಟಿ ಸಿಕ್ಕಿತು. ‘ತಕ್ಷಣ ಇಸಿಜಿ ಮಾಡಿಸಿ’ ಅಂತ ಬರೆದಿತ್ತು. ನಾಲ್ಕು ತಿಂಗಳ ಹಿಂದಿನ ತಾರೀಖು. ಮನೆಯ ಪ್ರತಿ ರೂಪಾಯಿ ಲೆಕ್ಕ ಗೊತ್ತಿದ್ದ ಅಮ್ಮನಿಗೆ ಈ ಚೀಟಿ ಗೊತ್ತಿರಲಿಲ್ಲ. ‘ನನಗೆ ಒಂದು ಮಾತು ಹೇಳಬಾರದಿತ್ತಾ?’ ಅಂದರು. ಅಪ್ಪ, ‘ಹೇಳಿದ್ರೆ ನೀನು ಮದುವೆ ಮುಂದಕ್ಕೆ ಹಾಕ್ತಿದ್ದೆ’ ಅಂದರು.

ಅಪ್ಪ ತಮ್ಮ ಮೈಯನ್ನು ಮರೆತಿರಲಿಲ್ಲ. ಸಾಲಿನಲ್ಲಿ ಕೊನೆಗೆ ನಿಲ್ಲಿಸಿದ್ದರು, ಅಷ್ಟೇ. ಮುಂದೆ ಅಕ್ಕ ಇದ್ದಳು, ನಾನಿದ್ದೆ, ಸಾಲ ಇತ್ತು. ನಿಮ್ಮ ಯಜಮಾನರ ಸಾಲೂ ಹೀಗೇ ಇದೆ. ಮಗಳಿಗೆ ಗಂಡು ಸಿಗಲಿ, ಮಗನಿಗೆ ಸೀಟು ಸಿಗಲಿ, ಆಮೇಲೆ ನೋಡೋಣ. ಡಾಕ್ಟರು ಏನಾದರೂ ಹೇಳಿಬಿಟ್ಟರೆ ಸ್ಟೀರಿಂಗ್ ಬಿಡಿಸುತ್ತಾರೇನೋ, ಓವರ್‌ಟೈಮ್ ದುಡ್ಡು ಹೋಗುತ್ತದೇನೋ, ಗಂಡಿನ ಕಡೆಯವರ ಕಿವಿಗೆ ಬೀಳುತ್ತದೇನೋ ಅನ್ನುವ ಭಯವೂ ಅದರ ಜೊತೆಗಿದೆ. ಅವರು ರೇಗುವುದು ನಿಮ್ಮ ಮೇಲಲ್ಲ, ಆ ಭಯದಿಂದ. ಹಾಗಂತ ರೇಗುವುದು ಸರಿ ಅಂತ ನಾನು ಹೇಳುತ್ತಿಲ್ಲ.

ಅದಕ್ಕೇ ‘ನಿಮ್ಮ ಆರೋಗ್ಯ ನೋಡಿಕೊಳ್ಳಿ’ ಅಂದರೆ ಅವರಿಗೆ ಕೇಳಿಸುವುದಿಲ್ಲ. ತನ್ನ ಪಾಲನ್ನು ತಾನೇ ಮೊದಲು ಬಡಿಸಿಕೊಂಡ ಹಾಗೆ ಅವರಿಗೆ ಅನಿಸುತ್ತದೆ. ಆಸ್ಪತ್ರೆಯನ್ನು ಮನೆಯ ಕೆಲಸಗಳ ಪಟ್ಟಿಗೇ ಸೇರಿಸಿ. ಛತ್ರ ಬುಕ್ ಮಾಡುವುದಕ್ಕೆ ಮೊದಲು ಇದು. ‘ಮದುವೆಯಲ್ಲಿ ಧಾರೆ ಎರೆಯುವುದಕ್ಕೆ ನೀವು ಬೇಕು’ ಅಂತ ಮಗಳೇ ಹೇಳಲಿ. ವಾರದ ರಜೆಯ ದಿನ ಬೆಳಗ್ಗೆ ಇಬ್ಬರೂ ಹೋಗಿ. ನೈಟ್ ಮುಗಿಸಿ ಬಂದ ತಕ್ಷಣ ಎಳೆದುಕೊಂಡು ಹೋಗಬೇಡಿ, ನಿದ್ದೆಗೆಟ್ಟವರ ಬಿಪಿಯೂ ಹೆಚ್ಚೇ ತೋರಿಸಬಹುದು, ಕೋಪವೂ ಹೆಚ್ಚಿರುತ್ತದೆ.

ಇನ್ನೊಂದು ಕೆಲಸ. ಸಾಲ ಎಷ್ಟಿದೆ, ಕಂತು ಎಷ್ಟು, ಮದುವೆಗೆ ಎಷ್ಟು ಆದೀತು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮಕ್ಕಳನ್ನೂ ಕೂರಿಸಿಕೊಳ್ಳಿ. ಸೆಕೆಂಡ್ ಪಿಯುಸಿ ಓದುವ ಹುಡುಗ ಚಿಕ್ಕವನೇನಲ್ಲ. ಅಪ್ಪ ಒಬ್ಬರೇ ಹೊತ್ತ ಲೆಕ್ಕ ನಾಲ್ಕು ಜನರ ಕಣ್ಣಿಗೆ ಬಿದ್ದರೆ, ಮದುವೆ ಖರ್ಚಿನಲ್ಲಿ ಏನು ಬಿಡಬಹುದು ಅನ್ನುವುದು ತಾನಾಗೇ ಹೊರಗೆ ಬರುತ್ತದೆ. ನಮ್ಮಕ್ಕ ಇವತ್ತಿಗೂ ಹೇಳುತ್ತಾಳೆ, ‘ಒಂದು ಮಾತು ಗೊತ್ತಾಗಿದ್ದರೆ ದೇವಸ್ಥಾನದಲ್ಲೇ ತಾಳಿ ಕಟ್ಟಿಸಿಕೊಳ್ತಿದ್ದೆ’ ಅಂತ.

ಈಗ ನಿಮ್ಮ ಪತ್ರದ ಕೊನೆಯ ಸಾಲು. ಎಲ್‌ಐಸಿ ಕಾಗದ ಎಲ್ಲಿದೆ ಅಂತ ಊಟದ ಮಧ್ಯೆ ಹೇಳಿದರು ಅಂದಿರಿ. ನನ್ನನ್ನು ಜಾಸ್ತಿ ಕಾಡಿದ್ದು ಅದೇ. ಜವಾಬ್ದಾರಿಯಿಂದ ಹೇಳಿರಬಹುದು. ಎದೆನೋವಿನ ಭಯದಿಂದಲೂ ಹೇಳಿರಬಹುದು. ಮನಸ್ಸು ಸೋತು ಹೇಳಿದ್ದೂ ಆಗಿರಬಹುದು. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1.70 ಲಕ್ಷ ಜನರಲ್ಲಿ 1.22 ಲಕ್ಷ ಗಂಡಸರು. ದಾಖಲಾದ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸಂಸಾರದ ತೊಂದರೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆ ಮಾತನ್ನು ‘ಬಿಡ್ತು ಅನ್ನಿ’ ಅಂತ ದಾಟಿಸಿಬಿಡಬೇಡಿ. ಮಕ್ಕಳಿಲ್ಲದ ಹೊತ್ತಲ್ಲಿ ಪಕ್ಕ ಕೂತು ಕೇಳಿ: ‘ಆವತ್ತು ಕಾಗದದ ವಿಷಯ ಯಾಕೆ ಎತ್ತಿದ್ರಿ? ಬದುಕೇ ಬೇಡ ಅನ್ನಿಸ್ತಿದೆಯಾ?’ ನೇರವಾಗಿ ಕೇಳಿದರೆ ಅಂಥ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ತಪ್ಪು. ಕೇಳಿದ ಮೇಲೆ ಬುದ್ಧಿ ಹೇಳಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಇಲ್ಲ. ಅವರು ಮಾಡದಿದ್ದರೆ ನೀವೇ ಮಾಡಿ ಏನು ಮಾಡಬೇಕು ಅಂತ ಕೇಳಬಹುದು.

ಇಷ್ಟೆಲ್ಲ ಹೇಳುವಾಗ ನನಗೆ ಒಂದು ಸಂಕೋಚವೂ ಇದೆ. ಗಂಡನ ಬಿಪಿ, ಗಂಡನ ಗುಳಿಗೆ, ಗಂಡನ ಮನಸ್ಸು ಎಲ್ಲದರ ಹೊಣೆಯನ್ನೂ ನಿಮ್ಮ ತಲೆಗೇ ಹೊರಿಸಿದ ಹಾಗಾಯಿತು. ರಾತ್ರಿ ನಿದ್ದೆ ಇಲ್ಲದವರು ನೀವೂ ಹೌದಲ್ವಾ? ಹಾಗಾಗಿ ಈ ಪುಟವನ್ನು ಮಡಚಿ ಅವರ ಟಿಫನ್ ಬ್ಯಾಗಿನಲ್ಲಿಡಿ. ಬಸ್ ನಿಂತಾಗ ಓದಲಿ. ಮುಂದಿನ ನಾಲ್ಕು ಸಾಲು ಅವರಿಗೆ.

ಅಣ್ಣಾ, ನಿಮ್ಮ ಬಸ್ಸಿನ ಬ್ರೇಕಿನಲ್ಲಿ ಆರು ತಿಂಗಳಿಂದ ಸದ್ದು ಬರುತ್ತಿದ್ದರೆ ಡಿಪೋದಲ್ಲಿ ಬರೆಸದೆ ನೀವು ಗಾಡಿ ತೆಗೆಯುತ್ತಿರಲಿಲ್ಲ. ನಿಮ್ಮ ಹಿಂದೆ ಮಲಗಿರುವ ಐವತ್ತು ಜನ ನಿಮ್ಮ ಎದೆಯನ್ನೂ ನಂಬಿದ್ದಾರೆ. ಮನೆಯಲ್ಲಿ ಮೂವರು ಕಾಯುತ್ತಿದ್ದಾರೆ. ಈ ವಾರದ ರಜೆಗೆ ಹೋಗಿ ಬನ್ನಿ.

ತಂಗಿ, ನೀವೂ ಅದೇ ಕ್ಯೂನಲ್ಲಿ ನಿಂತು ನಿಮ್ಮ ಬಿಪಿಯನ್ನೂ ನೋಡಿಸಿಕೊಳ್ಳಿ. ಡಾಕ್ಟರು ಏನಂದರು ಅಂತ ಎರಡು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ