800, 1500 ಓಡುವವರು 10 ಕಿಲೋಮೀಟರ್, ಹಾಫ್ ಮ್ಯಾರಥಾನ್‌ನಲ್ಲೂ ಮುಂದೆ ಬರಬಹುದಾ?

ನಿಮಗೆ 21 ವರ್ಷ, 800 ಮೀಟರ್ 1:58 (1 ನಿಮಿಷ 58 ಸೆಕೆಂಡ್), 1500 ಮೀಟರ್ 4:06 ಅಂತ ಬರೆದಿದ್ದೀರಿ. ಎರಡು ವರ್ಷದಿಂದ ಟೈಮಿಂಗ್ ಅಲ್ಲೇ ನಿಂತಿದೆ. 10 ಕಿಲೋಮೀಟರ್, ಹಾಫ್ ಮ್ಯಾರಥಾನ್ (21 ಕಿಲೋಮೀಟರ್) ಕಡೆ ಹೋದರೆ ಹೇಗೆ ಅಂತ ಯೋಚನೆ. ಆದರೆ ಜೊತೆಯ ಹುಡುಗರು "ಮಿಡ್ಲ್ ಡಿಸ್ಟೆನ್ಸ್‌ನವರಿಗೆ ಲಾಂಗ್ ಒಗ್ಗಲ್ಲ" ಅಂತಿದ್ದಾರೆ.

ಒಗ್ಗುತ್ತೆ. ನಾನೂ ಹಾಗೆ ಹೋದವನೇ. ಕಾಲೇಜಿನಲ್ಲಿ ಮಣ್ಣಿನ ಟ್ರ್ಯಾಕ್ ಮೇಲೆ 1500 ಓಡುತ್ತಿದ್ದೆ, 4:11 ನನ್ನ ಬೆಸ್ಟ್. ಈಗ ಒಂಬತ್ತು ವರ್ಷದಿಂದ ರೋಡ್ ರೇಸ್ ಓಡುತ್ತಿದ್ದೇನೆ.

ನಿಮ್ಮ ಸ್ನೇಹಿತರಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ ಮ್ಯಾರಥಾನ್ ತೋರಿಸಿ. 42 ಕಿಲೋಮೀಟರ್ ಮುಗಿದ ಮೇಲೆ ಚಿನ್ನಕ್ಕೆ ಇಬ್ಬರು ಸ್ಪ್ರಿಂಟ್ ಹೊಡೆದರು. ನೆದರ್‌ಲ್ಯಾಂಡ್ಸ್‌ನ ಸಿಫಾನ್ ಹಸನ್ 2:22:55ಕ್ಕೆ ಗೆದ್ದರು, ಇಥಿಯೋಪಿಯಾದ ಟಿಗಸ್ಟ್ ಅಸೆಫಾ ಮೂರೇ ಸೆಕೆಂಡ್ ಹಿಂದೆ. ಹಸನ್ 2019ರಲ್ಲಿ ಒಂದು ಮೈಲಿಯನ್ನು 4:12.33ಕ್ಕೆ ಓಡಿ ವಿಶ್ವದಾಖಲೆ ಮಾಡಿದ್ದವರು. ಅಸೆಫಾ ಮೊದಲು 800 ಮೀಟರ್ ಓಟಗಾರ್ತಿ. 2014ರಲ್ಲಿ 1:59.24 ಓಡಿದ್ದರು, 2016ರ ರಿಯೋ ಒಲಿಂಪಿಕ್ಸ್‌ಗೂ 800 ಮೀಟರ್‌ಗೇ ಹೋಗಿದ್ದರು.

ಅಸೆಫಾ ಕತೆ ನನಗೆ ತುಂಬಾ ಇಷ್ಟ. 2022ರ ಮಾರ್ಚ್‌ನಲ್ಲಿ ಅವರ ಮೊದಲ ಮ್ಯಾರಥಾನ್ ಟೈಮ್ 2:34. ಅದೇ ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ನಲ್ಲಿ 2:15:37. ಮರುವರ್ಷ ಅಲ್ಲೇ 2:11:53, ಆಗಿನ ವಿಶ್ವದಾಖಲೆ. ಆದರೆ 800ರ ಆ 1:59ಕ್ಕೂ ಮ್ಯಾರಥಾನ್‌ನ 2:15ಕ್ಕೂ ನಡುವೆ ಎಂಟು ವರ್ಷ ಇದೆ. ಎಲ್ಲರೂ ದಾಖಲೆ ನೋಡ್ತಾರೆ, ಆ ಎಂಟು ವರ್ಷ ಯಾರೂ ನೋಡಲ್ಲ.

ನಮ್ಮಲ್ಲೂ ಇದ್ದಾರೆ. ಕೇರಳದ ಒ.ಪಿ. ಜೈಶಾ 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ 1500ಕ್ಕೆ ಕಂಚು ಗೆದ್ದರು. ಮರುವರ್ಷ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮ್ಯಾರಥಾನ್ 2:34:43ಕ್ಕೆ ಮುಗಿಸಿ ರಾಷ್ಟ್ರೀಯ ದಾಖಲೆ ಮಾಡಿದರು. 3000 ಮೀಟರ್ ಸ್ಟೀಪಲ್‌ಚೇಸ್‌ನ (ಅಡ್ಡಗಟ್ಟೆ, ನೀರಿನ ಗುಂಡಿ ಹಾರಿ ಓಡುವ ಓಟ) ಅವಿನಾಶ್ ಸಾಬ್ಳೆ 2020ರಲ್ಲಿ ದೆಹಲಿ ಹಾಫ್ ಮ್ಯಾರಥಾನ್ 1:00:30ಕ್ಕೆ ಓಡಿದರು.

ಇದು ಪವಾಡ ಅಲ್ಲ. 1500 ಮೀಟರ್ ಓಟದ ಶಕ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಉಸಿರಾಡುವ ಆಮ್ಲಜನಕದಿಂದಲೇ ಬರುತ್ತೆ. 800ರಲ್ಲೂ ಅರ್ಧಕ್ಕಿಂತ ಜಾಸ್ತಿ. ಅಂದರೆ ಲಾಂಗ್‌ಗೆ ಬೇಕಾದ ಇಂಜಿನ್ ನಿಮ್ಮಲ್ಲಿ ಆಗಲೇ ಇದೆ. ಇನ್ನೊಂದು ಲೆಕ್ಕ ನೋಡಿ. 1500ಕ್ಕೆ 4:06 ಅಂದರೆ ಕಿಲೋಮೀಟರ್‌ಗೆ 2:44. ಹತ್ತು ಕಿಲೋಮೀಟರನ್ನು 34 ನಿಮಿಷಕ್ಕೆ ಓಡಲು 3:24 ಸಾಕು. ಬರೀ ರೋಡ್ ಓಡಿ ಬೆಳೆದವರು ಆ 3:24 ತಲುಪಲು ಎಷ್ಟು ಒದ್ದಾಡ್ತಾರೆ ಗೊತ್ತಾ? ನಿಮ್ಮ ಕಾಲಿಗೆ ಅದು ಹೊಸ ವೇಗವೇ ಅಲ್ಲ.

ಆದರೆ ನೀವು ಎಂಥ 800 ಓಟಗಾರ ಅನ್ನೋದು ಮುಖ್ಯ. 400 ಮೀಟರ್ 50 ಸೆಕೆಂಡ್‌ಗೆ ಓಡಿ 800ಕ್ಕೆ 1:58 ಬರೋ ಹುಡುಗ ಬೇರೆ, 400ಕ್ಕೆ 54 ತಗೊಂಡು ಅದೇ 1:58 ಓಡೋ ಹುಡುಗ ಬೇರೆ. ಮೊದಲನೆಯವನದು ವೇಗದ ಬಲ, ಎರಡನೆಯವನದು ದಮ್ಮಿನ ಬಲ. ಎರಡನೆಯವನು ರೋಡಿಗೆ ಬೇಗ ಹೊಂದ್ಕೊಳ್ತಾನೆ. ಮೊದಲನೆಯವನಿಗೆ ಹೆಚ್ಚು ಕಾಲ ಬೇಕು. ಅವನು ನನ್ನ ತಮ್ಮನಾಗಿದ್ದರೆ "ಇನ್ನೆರಡು ವರ್ಷ 800 ಬಿಡಬೇಡ" ಅಂತಿದ್ದೆ.

ಈಗ ನಾನು ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡಬೇಡಿ. ನನ್ನ ಮೊದಲ ಹಾಫ್ ಮ್ಯಾರಥಾನ್‌ನಲ್ಲಿ ಕಿಲೋಮೀಟರ್‌ಗೆ 3:40ರಂತೆ ಶುರು ಮಾಡಿದೆ. ಇಂಟರ್ವಲ್ (ಬಿಟ್ಟು ಬಿಟ್ಟು ಜೋರಾಗಿ ಓಡೋ ಅಭ್ಯಾಸ) ಮಾಡಿ ರೂಢಿಯಿದ್ದ ಕಾಲಿಗೆ ಅದು ವಾರ್ಮಪ್ ಥರ ಅನ್ನಿಸಿತು. 14 ಕಿಲೋಮೀಟರ್‌ವರೆಗೂ ಹಾಗೇ. ಆಮೇಲೆ ಮೀನಖಂಡ ಹಿಡ್ಕೊಳ್ತು, ತೊಡೆ ಕಲ್ಲಾಯ್ತು. ನಡೆದು, ಓಡಿ, 1:34ಕ್ಕೆ ಮುಗಿಸಿದೆ. ಉಸಿರಿಗೆ ಒಂದಿಷ್ಟೂ ಕಷ್ಟ ಇರಲಿಲ್ಲ. ಸೋತಿದ್ದು ಕಾಲು. ಅಷ್ಟು ಹೊತ್ತು ಡಾಂಬರಿನ ಪೆಟ್ಟು ತಿಂದು ಅವುಕ್ಕೆ ಗೊತ್ತೇ ಇರಲಿಲ್ಲ.

ಅದಕ್ಕೆ ವಾರಕ್ಕೆ 45 ಕಿಲೋಮೀಟರ್ ಇದ್ದದ್ದನ್ನು ಎರಡೇ ತಿಂಗಳಲ್ಲಿ 80ಕ್ಕೆ ಏರಿಸಿದೆ, ಅದೂ ಎಲ್ಲಾ ದಿನ ಜೋರಾಗಿ. ಕಣಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬಂತು. ಮೂರು ತಿಂಗಳು ಓಟ ಇಲ್ಲ. ಬೆಳಗ್ಗೆ ಐದಕ್ಕೆ ಎಚ್ಚರ ಆಗೋದು, ಸುಮ್ನೆ ಮಲಗಿರೋದು. ಆ ದಿನಗಳು ಇನ್ನೂ ನೆನಪಿವೆ.

ವಾಪಸ್ ಬಂದಾಗ ಮೊದಲು ಕಲಿತದ್ದು ನಿಧಾನ ಓಡೋದನ್ನ. ನಮ್ಮಂಥವರಿಗೆ ಅದೇ ಕಷ್ಟ. ಈಸಿ ದಿನ ಅಂತ ಹೆಸರಿಟ್ಟು ಕಿಲೋಮೀಟರ್‌ಗೆ 4:15ರಲ್ಲಿ ಓಡ್ತೀವಿ. 5:20, 5:30ಕ್ಕೆ ಇಳಿಸಿ. ಪಕ್ಕದವರ ಜೊತೆ ಮಾತಾಡ್ತಾ ಓಡುವಂತಿರಬೇಕು. ವಾರದ ಓಟದಲ್ಲಿ ಮುಕ್ಕಾಲಿಗಿಂತ ಹೆಚ್ಚು ಹೀಗಿರಲಿ. ಒಂದು ದಿನ ಟೆಂಪೋ (ಒಂದೇ ಸಮನೆ ಜೋರಾಗಿ, ಆದರೆ ಪೂರ್ತಿ ದಮ್ಮು ಹಾಕದೆ ಓಡೋದು), ಭಾನುವಾರ ಲಾಂಗ್ ರನ್, ಅಂದರೆ ವಾರದ ಅತಿ ದೂರದ ಓಟ. ಲಾಂಗ್ ರನ್ ಮಾತ್ರ ತಿಂಗಳಿಗೆ ಒಂದೆರಡು ಕಿಲೋಮೀಟರ್‌ನಂತೆ ಹೆಚ್ಚಲಿ, ಸಾಧ್ಯವಾದರೆ ಮಣ್ಣಿನ ದಾರಿಯಲ್ಲಿ. ಜೊತೆಗೆ ವಾರಕ್ಕೊಮ್ಮೆ 200 ಮೀಟರ್ ರಿಪೀಟ್ಸ್ (ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಜೋರಾಗಿ ಓಡೋದು) ಬಿಡಬೇಡಿ. ಲಾಂಗ್‌ಗೆ ಬಂದ ತಕ್ಷಣ ಸ್ಪೈಕ್ಸ್ (ಮೊಳೆ ಇರೋ ಟ್ರ್ಯಾಕ್ ಶೂ) ಮೂಲೆಗೆ ಎಸೆಯೋರನ್ನು ನೋಡಿದ್ದೀನಿ. ಎರಡು ವರ್ಷಕ್ಕೆ ಅವರ ವೇಗವೂ ಹೋಗುತ್ತೆ.

ಗಾಯದ ನಂತರ 39 ನಿಮಿಷ ಆಗಿದ್ದ ನನ್ನ 10 ಕಿಲೋಮೀಟರ್ ಹೀಗೆ ಓಡಿ 34:40ಕ್ಕೆ ಬಂತು. ಮೂರು ವರ್ಷ ಹಿಡಿಯಿತು. ನೀವು ನನಗಿಂತ ಚುರುಕು, ಇನ್ನೂ ಕೆಳಗೆ ಹೋಗ್ತೀರಿ.

ಒಂದು ಭಯ ಇದೆ. ಈಗ ಊರೂರಲ್ಲಿ ಕ್ಯಾಶ್ ಪ್ರೈಸ್ ಇರೋ 10ಕೆ ರೇಸ್‌ಗಳಿವೆ. ಮನೆ ಕಷ್ಟ ಇರುವ ಹುಡುಗರು ಪ್ರತಿ ಭಾನುವಾರ ಒಂದೊಂದು ಊರಿಗೆ ರಾತ್ರಿ ಬಸ್ಸಲ್ಲಿ ಹೋಗಿ ಓಡ್ತಾರೆ. ದುಡ್ಡಿನ ಅಗತ್ಯ ನನಗೆ ಅರ್ಥ ಆಗುತ್ತೆ. ಆದರೂ ಅವರಿಗೂ ತಿಂಗಳಿಗೆ ಒಂದು ಸಾಕು. ನಿಮಗೆ ಫುಲ್ ಮ್ಯಾರಥಾನ್ ಈಗ ಬೇಡವೇ ಬೇಡ. 1500 ಮತ್ತು 5000 ಓಡ್ತಾನೇ ಇರಿ, ಈ ವರ್ಷ ಎರಡು 10 ಕಿಲೋಮೀಟರ್, ಮುಂದಿನ ವರ್ಷ ಹಾಫ್.

ನಿಮ್ಮ 400 ಮೀಟರ್ ಟೈಮ್ ಎಷ್ಟು, ಈಗ ವಾರಕ್ಕೆ ಎಷ್ಟು ಕಿಲೋಮೀಟರ್ ಓಡ್ತೀರಿ, ಇವೆರಡನ್ನು ಬರೆಯಿರಿ. ಮೊದಲ ಮೂರು ತಿಂಗಳ ಟ್ರೈನಿಂಗ್ ಪ್ಲಾನ್ ಕೂತು ಹಾಕಿಕೊಡ್ತೀನಿ.