ಭುಜದ ಮೇಲಿನ ಪಟ್ಟೆ ಗೂಡು: ಹೊಲಿಯುವುದಲ್ಲ, ಸಿಕ್ಕಿಸುವುದು

ಜರ್ಮನ್ ಹುಡುಗರ ಕೊಳಲು-ಡೋಲು ಬ್ಯಾಂಡಿನ ಸಮವಸ್ತ್ರದಲ್ಲಿ ಭುಜದ ಮೇಲಿರುವ ಪಟ್ಟೆಪಟ್ಟೆ ರೆಕ್ಕೆ ಏನು, ನಾಟಕಕ್ಕೆ ಹೊಲಿಸುವುದು ಹೇಗೆ ಎಂದು ಕೇಳಿದ್ದೀರಿ. ಅದು ಶ್ವಾಲ್ಬೆನ್‌ನೆಸ್ಟ್, ಅಂದರೆ ಕವಲುತೋಕೆ ಹಕ್ಕಿಯ ಗೂಡು. ಹಳೆಯ ಜರ್ಮನ್ ರಾಜ್ಯವಾದ ಪ್ರಷ್ಯದ ಸೇನೆಯಲ್ಲಿ ವಾದ್ಯಗಾರರ ಗುರುತಾಗಿತ್ತು. ಕೆಳಗೆ ಕುಚ್ಚು ತೂಗುವುದು ಮುಂದೆ ಕೋಲು ಹಿಡಿದು ನಡೆಯುವ ಟಂಬೂರ್‌ಮಾಯೋರ್‌ಗೆ. ಎಲ್ಲರಿಗೂ ಕುಚ್ಚು ಹಾಕಿಸಬೇಡಿ.

ಅರ್ಧಚಂದ್ರಾಕಾರದ ದಪ್ಪ ಬಟ್ಟೆಗೆ ಗಟ್ಟಿ ಅಸ್ತರು ಕೊಟ್ಟು, ಮೇಲೆ ಪಟ್ಟಿ ಹೊಲಿಸಿ. ಒಳಬದಿಯಲ್ಲಿ ಲೋಹದ ಕೊಕ್ಕೆ, ಕೋಟಿನ ತೋಳು ಸೇರುವ ಹೊಲಿಗೆಯ ಮೇಲೆ ದಾರದ ಕುಣಿಕೆ. ಎಲ್ಲರೂ ಎಡವುವುದು ಇಲ್ಲೇ: ಸೀದಾ ಕೋಟಿಗೆ ಹೊಲಿದುಬಿಡುತ್ತಾರೆ. ಆಗ ಕೊಳಲು ಹಿಡಿಯಲು ತೋಳೆತ್ತಿದರೆ ಬಟ್ಟೆ ಎಳೆಯುತ್ತದೆ, ಒಗೆದಾಗ ಬಣ್ಣವೂ ಬಿಡುತ್ತದೆ.

ಜರ್ಮನಿಯ ಡಿಂಕೆಲ್ಸ್‌ಬ್ಯೂಲ್ ಪಟ್ಟಣದ ಹುಡುಗರ ಬ್ಯಾಂಡ್ ಮಾದರಿಯಾದರೆ ದಾರಿಯೇ ಬೇರೆ. ಅವರದು 18ನೇ ಶತಮಾನದ ಶೈಲಿಯ ಕೆಂಪು-ಬಿಳಿ ಉಡುಪು.